ಕವಿಗಳನ್ನು ಹಾಡಿ ಉಳಿದ ಬ್ಯಾಂಡ್: ಬಲ್ಗೇರಿಯಾದ ಎಪಿಜೋದ್ ಮತ್ತು ಅದರ ಕಾಲ

1983ರಲ್ಲಿ ಬಲ್ಗೇರಿಯಾದಲ್ಲಿ ‘ಎಪಿಜೋದ್’ ಎಂಬ ಹೆವಿ ಮೆಟಲ್ ತಂಡ ಹುಟ್ಟಿತು. ಕಟ್ಟಿದವರು ಬೇಸ್ ಗಿಟಾರ್ ವಾದಕ ಸಿಮೆಯೋನ್ ಹ್ರಿಸ್ತೊವ್. ಅದರ ಮೊದಲ ಆಲ್ಬಮ್ ಹೊರಬಂದದ್ದು 1992ರಲ್ಲಿ. ನಡುವಿನ ಒಂಬತ್ತು ವರ್ಷಗಳಲ್ಲಿ ಬರ್ಲಿನ್ ಗೋಡೆ ಬಿತ್ತು; 35 ವರ್ಷ ದೇಶವನ್ನಾಳಿದ ತೋದರ್ ಝಿವ್ಕೊವ್ ಕುರ್ಚಿ ಬಿಟ್ಟಿಳಿದರು; ‘ಬಲ್ಗೇರಿಯಾ ಜನತಾ ಗಣರಾಜ್ಯ’ ಎಂಬ ದೇಶದ ಹೆಸರೇ ಬದಲಾಯಿತು. ಇನ್ನೂ ಹತ್ತು ವರ್ಷ ಕಳೆದು, 2002ರಲ್ಲಿ, ಇದೇ ತಂಡ ‘ಬಲ್ಗೇರಿಯಾದ ದೇವರು’ ಎಂಬ ಹೆಸರಿನ ಆಲ್ಬಮ್ ತಂದಿತು. ಆ ಹೊತ್ತಿಗೆ ಅದು ಹಿಡಿದಿದ್ದ ದಾರಿಯನ್ನು ಮೆಟಲ್ ಲೋಕದಲ್ಲಿ ಹೆಚ್ಚು ಜನ ತುಳಿದಿರಲಿಲ್ಲ. ಶಾಲೆಯ ಪಠ್ಯದಲ್ಲಿದ್ದ 19ನೇ ಶತಮಾನದ ಕವಿಗಳನ್ನು ಅದು ವಿದ್ಯುತ್ ಗಿಟಾರಿನ ಅಬ್ಬರದ ನಡುವೆ ತಂದು ನಿಲ್ಲಿಸಿತ್ತು.

ಒಂದು ಬ್ಯಾಂಡ್ ಇಷ್ಟು ಕಾಲ ಬಾಳಿದ್ದು ಹೇಗೆ ಎಂದು ಕೇಳಹೊರಟರೆ ಉತ್ತರ ಆ ಬ್ಯಾಂಡಿನೊಳಗಷ್ಟೇ ಸಿಗುವುದಿಲ್ಲ. ಅದಕ್ಕಾಗಿ ಗಟ್ಟಿ ದನಿಯನ್ನು ಮೊದಲು ಅನುಮಾನಿಸಿದ, ಆಮೇಲೆ ಮರೆತ, ಕೊನೆಗೆ ಕೈಬೀಸಿ ಕರೆದ ಒಂದು ದೇಶದ ಅರ್ಧ ಶತಮಾನವನ್ನು ನೋಡಬೇಕು.

ಒಂದೇ ಕಂಪನಿಯ ಕಾಲ

ಸಮಾಜವಾದಿ ಬಲ್ಗೇರಿಯಾದಲ್ಲಿ ರೆಕಾರ್ಡ್ ಹೊರತರುತ್ತಿದ್ದದ್ದು ಬಾಲ್ಕಾಂಟನ್ ಎಂಬ ಒಂದೇ ಕಂಪನಿ. 1952ರಲ್ಲಿ ಶುರುವಾದ ಅದು ಸರ್ಕಾರದ ಸ್ವತ್ತು. ಜಾನಪದ ಗೀತೆಯಿರಲಿ, ಸಿಂಫನಿಯಿರಲಿ, ಮಕ್ಕಳ ಕಥೆಯಿರಲಿ, ಬಾಲ್ಕಾಂಟನ್ ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ರೇಡಿಯೊ, ಟಿ.ವಿ. ಕೂಡ ಸರ್ಕಾರದವು. ವೇದಿಕೆ ಹತ್ತಲು ಅನುಮತಿ ಬೇಕು. ಹಾಡಿನ ಸಾಹಿತ್ಯ ಮೊದಲೇ ಮೇಲಿನವರ ಕಣ್ಣಿಗೆ ಬೀಳಬೇಕು. ಹೀಗಾಗಿ ಒಂದು ತಂಡ ಜನಪ್ರಿಯವಾಗಿದ್ದೂ ಅದರ ದನಿ ತಟ್ಟೆಯ ಮೇಲೆ ಮೂಡದೆ ವರ್ಷಗಟ್ಟಲೆ ಕಾಯುವುದು ಸಾಧ್ಯವಿತ್ತು.

ಈ ವ್ಯವಸ್ಥೆಯೊಳಗೇ ದಾರಿ ಮಾಡಿಕೊಂಡ ಮೊದಲ ದೊಡ್ಡ ತಂಡ ‘ಶ್ಟುರ್ತ್ಸಿತೆ’. 1967ರಲ್ಲಿ ರಾಜಧಾನಿ ಸೋಫಿಯಾದಲ್ಲಿ ಹುಟ್ಟಿದ ಅದನ್ನು ಜನ ಬಲ್ಗೇರಿಯಾದ ಬೀಟಲ್ಸ್ ಎಂದೇ ಕರೆದರು. ಅದೇ ವರ್ಷ, ಕಪ್ಪು ಸಮುದ್ರದ ದಂಡೆಯಲ್ಲಿ ನಡೆಯುತ್ತಿದ್ದ ‘ಗೋಲ್ಡನ್ ಆರ್ಫಿಯಸ್’ ಎಂಬ ಸರ್ಕಾರಿ ಸಂಗೀತೋತ್ಸವದಲ್ಲಿ ಗಾಯಕ ಗೆಯೋರ್ಗಿ ಮಿಂಚೆವ್ ಜೊತೆ ‘ಬಿಳಿ ಮೌನ’ ಎಂಬ ಹಾಡಿಗೆ ಪ್ರಶಸ್ತಿ ಪಡೆಯಿತು. ಬಹುಮಾನ ಕೊಟ್ಟ ಸರ್ಕಾರಕ್ಕೆ ಈ ಸಂಗೀತದ ಬಗ್ಗೆ ಅನುಮಾನವೂ ಇತ್ತು. ಬೀದಿಯಲ್ಲಿ ಉದ್ದ ಕೂದಲು ಬಿಟ್ಟ ಹುಡುಗರನ್ನು ಹಿಡಿದು ಕತ್ತರಿ ಆಡಿಸುತ್ತಿದ್ದ ಪೊಲೀಸರೂ, ಅದೇ ಬಗೆಯ ಹುಡುಗರಿಗೆ ಉತ್ಸವದಲ್ಲಿ ಪದಕ ತೊಡಿಸುತ್ತಿದ್ದ ಅಧಿಕಾರಿಗಳೂ ಒಂದೇ ಸರ್ಕಾರದ ಸಂಬಳ ಪಡೆಯುತ್ತಿದ್ದರು.

1978ರಲ್ಲಿ ಬಂದ ‘ಸಿಗ್ನಲ್’ ತಂಡದ ಅನುಭವ ಈ ಇಬ್ಬಂದಿತನವನ್ನು ಚೆನ್ನಾಗಿ ತೋರಿಸುತ್ತದೆ. ಯೊರ್ದಾನ್ ಕರಾಜೊವ್ ಹಾಡುತ್ತಿದ್ದ ಈ ಹಾರ್ಡ್ ರಾಕ್ ತಂಡಕ್ಕೆ ಊರೂರಲ್ಲಿ ಜನ ಕಿಕ್ಕಿರಿಯುತ್ತಿದ್ದರು. 1980ರ ದಶಕದ ಆರಂಭದಲ್ಲಿ ಬುರ್ಗಾಸ್ ನಗರದ ಕಾರ್ಯಕ್ರಮವೊಂದರಲ್ಲಿ ಪ್ರೇಕ್ಷಕರ ಉತ್ಸಾಹ ಅಧಿಕಾರಿಗಳಿಗೆ ಅತಿಯೆನ್ನಿಸಿತು. ಕುಣಿದವರು ಕೇಳುಗರು, ಶಿಕ್ಷೆಯಾದದ್ದು ಹಾಡಿದವರಿಗೆ. ಕೆಲ ಕಾಲ ಸಿಗ್ನಲ್ ವೇದಿಕೆ ಹತ್ತುವಂತಿರಲಿಲ್ಲ.

ಗಡಿ ದಾಟಿ ಬಂದ ಸದ್ದು

ಇಂಥ ದೇಶಕ್ಕೆ ಹೆವಿ ಮೆಟಲ್ ಬಂದದ್ದು ಹಿತ್ತಲ ಬಾಗಿಲಿನಿಂದ. 1980ರ ಸುಮಾರಿಗೆ ಬ್ರಿಟನ್ನಿನಲ್ಲಿ ಐರನ್ ಮೇಡನ್, ಸ್ಯಾಕ್ಸನ್‌ನಂಥ ತಂಡಗಳ ಹೊಸ ಅಲೆ ಎದ್ದಿತ್ತು. ಗಿಟಾರಿನ ದನಿಯನ್ನು ಬೇಕೆಂದೇ ಒಡೆಯುವಷ್ಟು ಏರಿಸುವುದು, ಕಾಲಲ್ಲೇ ಓಡುವ ಡ್ರಮ್ಮು, ಎತ್ತರದ ಕಂಠ, ಯುದ್ಧ, ಸಾವು, ಪುರಾಣದ ಕಥೆಗಳು. ಇವೆಲ್ಲ ಬಲ್ಗೇರಿಯಾದ ಹುಡುಗರನ್ನು ಮುಟ್ಟಿದ್ದು ವಿದೇಶಿ ರೇಡಿಯೊ ಮೂಲಕ, ಪಕ್ಕದ ಯುಗೊಸ್ಲಾವಿಯಾದಿಂದ ತಂದ ರೆಕಾರ್ಡುಗಳ ಮೂಲಕ, ಬಂದರಿಗೆ ಮರಳಿದ ನಾವಿಕರ ಚೀಲದ ಮೂಲಕ. ಒಂದು ರೆಕಾರ್ಡ್ ಸಿಕ್ಕರೆ ಅದರಿಂದ ಟೇಪು, ಆ ಟೇಪಿನಿಂದ ಇನ್ನೊಂದು ಟೇಪು. ಹತ್ತನೆಯ ಕೈ ಸೇರುವಷ್ಟರಲ್ಲಿ ಹಾಡಿಗಿಂತ ಟೇಪಿನ ಸುಯ್ಯೆನ್ನುವ ಸದ್ದೇ ಹೆಚ್ಚಾಗಿರುತ್ತಿತ್ತು. ಆದರೂ ಅದೇ ಟೇಪಿನಿಂದ ಗಿಟಾರಿನ ಪಾಠ ಕಲಿತರು.

1984ರಲ್ಲಿ ಐರನ್ ಮೇಡನ್ ಕಬ್ಬಿಣದ ಪರದೆಯಾಚೆ ಪ್ರವಾಸ ಹೊರಟಿತು. ಪೋಲೆಂಡ್, ಹಂಗೇರಿ, ಯುಗೊಸ್ಲಾವಿಯಾದಲ್ಲಿ ಆ ತಂಡದ ಕಾರ್ಯಕ್ರಮಗಳಾದವು. ಬಲ್ಗೇರಿಯಾ ಆ ಪಟ್ಟಿಯಲ್ಲಿರಲಿಲ್ಲ. ಸೋವಿಯತ್ ಒಕ್ಕೂಟದ ಅತಿ ನಿಷ್ಠ ಜೊತೆಗಾರನಾಗಿದ್ದ ದೇಶ ಅದು. ಅಲ್ಲಿನ ಕೇಳುಗರಿಗೆ ತಮ್ಮ ನೆಚ್ಚಿನ ತಂಡ ಪಕ್ಕದ ದೇಶದವರೆಗೆ ಬಂದು ತಿರುಗಿಹೋದ ಸುದ್ದಿಯಷ್ಟೇ ದಕ್ಕಿತು.

ಎಪಿಜೋದ್ ಹುಟ್ಟಿದ್ದು ಈ ಹವೆಯಲ್ಲಿ. ಸುತ್ತಮುತ್ತ ಬೇರೆ ತಂಡಗಳೂ ತಲೆಯೆತ್ತಿದವು. ಅವುಗಳಲ್ಲಿ ಸೋಫಿಯಾದ ‘ಅಹಾತ್’ ಎಲ್ಲರಿಗಿಂತ ಮುಂದೆ ಹೋಯಿತು. ಗಾಯಕ ಜ್ವೆಜ್ದಿ ಕೆರೆಮಿದ್ಚಿಯೆವ್ ಅವರ ಕಂಠದಲ್ಲಿ ‘ಕರಿ ಕುರಿ’ ಎಂಬ ಹಾಡು ಆ ಪೀಳಿಗೆಯ ಗುರುತಿನ ಚೀಟಿಯಾಯಿತು. ಎಲ್ಲರೂ ಒಂದೇ ಬಣ್ಣದಲ್ಲಿರಬೇಕೆಂದು ಬಯಸುವ ಸಮಾಜದಲ್ಲಿ ಕರಿ ಕುರಿಯನ್ನು ಹಾಡಿ ಹೊಗಳುವುದರ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. 1989ರಲ್ಲಿ ಬಾಲ್ಕಾಂಟನ್ ಅಹಾತ್‌ನ ‘ದಂಡಯಾತ್ರೆ’ ಎಂಬ ಆಲ್ಬಮ್ಮನ್ನು ಹೊರತಂದಿತು. ಸೋವಿಯತ್ ನಾಯಕ ಗೊರ್ಬಚೆವ್ ಕಾಲದ ಸಡಿಲಿಕೆ ಸೋಫಿಯಾಕ್ಕೂ ತಲುಪಿತ್ತು.

ಅದೇ ಸಡಿಲಿಕೆಯಲ್ಲಿ, 1988ರಲ್ಲಿ, ಇವಾನ್ ಆಂದೊನೊವ್ ನಿರ್ದೇಶನದ ‘ನಿನ್ನೆ’ ಎಂಬ ಚಿತ್ರ ತೆರೆಗೆ ಬಂತು. 1960ರ ದಶಕದ ವಸತಿ ಶಾಲೆಯೊಂದರಲ್ಲಿ ಬೀಟಲ್ಸ್ ಹುಚ್ಚು ಹಿಡಿದ ಹದಿಹರೆಯದವರ ಕಥೆ ಅದು. ಶ್ಟುರ್ತ್ಸಿತೆ ಅದಕ್ಕಾಗಿ ಹಾಡಿದ ‘ಪ್ರತಿಜ್ಞೆ’ ದೇಶದ ಯುವಜನರ ಬಾಯಲ್ಲಿ ನಲಿಯಿತು.

ಚೌಕದಲ್ಲಿ ಗಿಟಾರ್

1989ರ ನವೆಂಬರ್ 10ರಂದು ಝಿವ್ಕೊವ್ ಅಧಿಕಾರ ಕಳೆದುಕೊಂಡರು. ಎಂಟು ದಿನಗಳ ನಂತರ ಸೋಫಿಯಾದ ಅಲೆಕ್ಸಾಂದರ್ ನೆವ್ಸ್ಕಿ ಚರ್ಚಿನ ಮುಂದಿನ ಚೌಕದಲ್ಲಿ ಸಾವಿರಾರು ಜನ ಸೇರಿದರು. ಮುಂದಿನ ತಿಂಗಳುಗಳ ಸಭೆಗಳಲ್ಲಿ ಭಾಷಣದಷ್ಟೇ ಹಾಡೂ ಮುಖ್ಯವಾಯಿತು. ನಿನ್ನೆಯವರೆಗೆ ಅನುಮತಿಗಾಗಿ ಕಾದ ರಾಕ್ ಗಾಯಕರು ವಿರೋಧ ಪಕ್ಷಗಳ ವೇದಿಕೆಯ ದನಿಯಾದರು. ಶ್ಟುರ್ತ್ಸಿತೆಯ ಕಿರಿಲ್ ಮಾರಿಚ್ಕೊವ್ 1990ರ ಚುನಾವಣೆಯ ನಂತರ ಹೊಸ ಸಂವಿಧಾನ ಬರೆದ ಮಹಾ ರಾಷ್ಟ್ರೀಯ ಸಭೆಯ ಸದಸ್ಯರೂ ಆದರು.

ಆ ಕಾಲದ ಹುರುಪನ್ನು ನೆನೆದರೆ ಇಂದಿಗೂ ಮೈ ನವಿರೇಳುತ್ತದೆ. ಆದರೆ ಆ ಹುರುಪಿನ ಜೊತೆಗೆ ಒಂದು ಗಾಯವನ್ನೂ ನೆನೆಯಬೇಕು. 1984ರ ಕೊನೆಯಿಂದ ಸರ್ಕಾರ ದೇಶದ ತುರ್ಕಿ ಮುಸ್ಲಿಮರ ಹೆಸರುಗಳನ್ನು ಬಲವಂತವಾಗಿ ಬದಲಿಸಿತ್ತು. 1989ರ ಬೇಸಿಗೆಯಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಮನೆಮಾರು ಬಿಟ್ಟು ಟರ್ಕಿಗೆ ಹೊರಟುಹೋಗಿದ್ದರು. ಯುವಕರು ಕರಿ ಕುರಿಯ ಹಾಡು ಹಾಡಿದ್ದೂ, ಪಕ್ಕದ ಹಳ್ಳಿ ಬರಿದಾದದ್ದೂ ಒಂದೇ ವರ್ಷದಲ್ಲಿ. ದೇಶಪ್ರೇಮದ ಗೀತೆಗಳು ಮುಂದೆ ಮೆಟಲ್ ಸಂಗೀತಕ್ಕೆ ಬಂದಾಗ ಈ ನೆನಪು ಅವುಗಳ ಹಿಂದೆಯೇ ನಿಂತಿತ್ತು.

ಬಿಡುಗಡೆಯ ಬೆಲೆ

1992ರಲ್ಲಿ ಎಪಿಜೋದ್‌ನ ಮೊದಲ ಆಲ್ಬಮ್ ‘ಪ್ರಾರ್ಥಿಸಿ!’ ಬಂತು. ಬಾಲ್ಕಾಂಟನ್ ಏಕಸ್ವಾಮ್ಯ ಮುಗಿದಿತ್ತು. ಖಾಸಗಿ ಕಂಪನಿಗಳು ಹುಟ್ಟಿದ್ದವು. ಸಾಹಿತ್ಯವನ್ನು ತಿದ್ದುವ ಅಧಿಕಾರಿ ಇರಲಿಲ್ಲ. ಎಮಿಲ್ ಚೆಂದೊವ್ ಅವರ ಒರಟು, ತುಂಬು ಕಂಠ ತಂಡದ ಗುರುತಾಯಿತು. ಗಿಟಾರಿನಲ್ಲಿ ದ್ರಾಗೊಮಿರ್ ದ್ರಾಗಾನೊವ್, ಬೇಸ್‌ನಲ್ಲಿ ಹ್ರಿಸ್ತೊವ್. ಎಲ್ಲ ಬಾಗಿಲೂ ತೆರೆದಂತಿತ್ತು.

ಆದರೆ ತೆರೆದ ಬಾಗಿಲಿನಿಂದ ಕೇಳುಗರೂ ಹೊರಟುಹೋದರು. ಕಾರ್ಖಾನೆಗಳು ಮುಚ್ಚಿದವು, ಯುವಜನ ವಲಸೆ ಹೋದರು. ಬಲ್ಗೇರಿಯಾದ ಜನಸಂಖ್ಯೆ 1980ರ ದಶಕದ ಕೊನೆಯಲ್ಲಿ 90 ಲಕ್ಷದ ಹತ್ತಿರವಿತ್ತು. 2021ರ ಜನಗಣತಿಯಲ್ಲಿ ಅದು 65 ಲಕ್ಷದಷ್ಟಕ್ಕೆ ಇಳಿದಿತ್ತು. 1996-97ರ ಚಳಿಗಾಲದಲ್ಲಿ ಬ್ಯಾಂಕುಗಳು ಕುಸಿದು ಹಣದುಬ್ಬರ ಹುಚ್ಚೆದ್ದಿತು. 1997ರ ಫೆಬ್ರವರಿ ಒಂದೇ ತಿಂಗಳಲ್ಲಿ ಬೆಲೆಗಳು ಮೂರು ಪಟ್ಟಿಗೂ ಮೇಲೇರಿದವು. ತಿಂಗಳ ಸಂಬಳ ವಾರದ ದಿನಸಿಗೆ ಸಾಲದ ಮನೆಯಲ್ಲಿ ಆಲ್ಬಮ್ ಕೊಳ್ಳುವವರು ಯಾರು? ಕೊಳ್ಳುವವರಿಗೂ ಕಡಿಮೆ ಬೆಲೆಗೆ ಸಿಗುತ್ತಿದ್ದದ್ದು ನಕಲಿ ಸಿ.ಡಿ. ಆ ದಶಕದಲ್ಲಿ ಬಲ್ಗೇರಿಯಾ ಕಳ್ಳ ಸಿ.ಡಿ. ತಯಾರಿಕೆಗೆ ಜಗತ್ತಿನಲ್ಲೇ ಕುಖ್ಯಾತವಾಗಿತ್ತು.

ಇದರ ಜೊತೆಗೆ ಸಂಗೀತದ ಅಭಿರುಚಿಯೂ ತಿರುಗಿತು. ತುರ್ಕಿ, ಗ್ರೀಕ್, ಸರ್ಬಿಯನ್ ಧಾಟಿಗಳನ್ನು ಕೀಬೋರ್ಡಿಗೆ ಬೆಸೆದ ‘ಚಾಲ್ಗಾ’ ಎಂಬ ಕುಣಿತದ ಸಂಗೀತ ಮದುವೆಮನೆ, ಹೋಟೆಲು, ಟಿ.ವಿ.ಗಳನ್ನು ಆವರಿಸಿತು. ದಿಮಿತ್ರೊವ್‌ಗ್ರಾದ್‌ನಲ್ಲಿ 1990ರಲ್ಲಿ ಶುರುವಾದ ಪೈನರ್ ಕಂಪನಿ ಈ ಸಂಗೀತದ ಮೇಲೆ ಸಾಮ್ರಾಜ್ಯವನ್ನೇ ಕಟ್ಟಿತು. ಕಷ್ಟದ ದಿನಗಳಲ್ಲಿ ಜನ ಕುಣಿಯಲು ಬಯಸಿದ್ದು ಸಹಜವೇ. ಆದರೆ ಸರ್ಕಾರದ ಕಣ್ಗಾವಲನ್ನು ಸಹಿಸಿ ಬದುಕಿದ್ದ ಎಷ್ಟೋ ರಾಕ್ ತಂಡಗಳು ಮಾರುಕಟ್ಟೆಯ ಉದಾಸೀನಕ್ಕೆ ಸೋತವು.

ಕವಿಗಳ ಬಳಿಗೆ

ಎಪಿಜೋದ್ ಸೋಲದೆ ಉಳಿದದ್ದಕ್ಕೆ ಅದು ಆಯ್ದ ಸಾಹಿತ್ಯವೇ ಮುಖ್ಯ ಕಾರಣವೆಂದು ನನ್ನ ನಂಬಿಕೆ. ಇಂಗ್ಲಿಷ್‌ನಲ್ಲಿ ಹಾಡಿ ಹೊರದೇಶದ ಒಪ್ಪಂದಕ್ಕೆ ಕಾಯುವ ದಾರಿ ಎಲ್ಲರ ಮುಂದಿತ್ತು. ಎಪಿಜೋದ್ ಬಲ್ಗೇರಿಯನ್ ಬಿಡಲಿಲ್ಲ. ಅಷ್ಟೇ ಅಲ್ಲ, ದೇಶದ ಪ್ರತಿ ಮಗುವೂ ಬಾಯಿಪಾಠ ಮಾಡಿದ ಪದ್ಯಗಳನ್ನೇ ಕೈಗೆತ್ತಿಕೊಂಡಿತು. ಹ್ರಿಸ್ತೊ ಬೊತೆವ್, ಇವಾನ್ ವಾಜೊವ್ ಮುಂತಾದವರ ಪದ್ಯಗಳು ಈ ತಂಡದ ಹಾಡುಗಳಾದವು.

ಬೊತೆವ್ ಯಾರೆಂದು ತಿಳಿದರೆ ಈ ಆಯ್ಕೆ ಎಷ್ಟು ಸಹಜವೆಂದು ಗೊತ್ತಾಗುತ್ತದೆ. 1848ರಲ್ಲಿ ಹುಟ್ಟಿದ ಬೊತೆವ್, ಆಗ ಬಲ್ಗೇರಿಯಾವನ್ನಾಳುತ್ತಿದ್ದ ತುರ್ಕಿಯ ಆಟಮನ್ನರ ವಿರುದ್ಧ ರುಮೇನಿಯಾದಲ್ಲಿದ್ದುಕೊಂಡು ಪತ್ರಿಕೆ ನಡೆಸಿದ ಕ್ರಾಂತಿಕಾರಿ. ಬರೆದದ್ದು ಸುಮಾರು ಇಪ್ಪತ್ತು ಪದ್ಯ. 1876ರಲ್ಲಿ ಸುಮಾರು 200 ಜನರ ಪಡೆ ಕಟ್ಟಿಕೊಂಡು, ತೋಟಗಾರರ ವೇಷದಲ್ಲಿ ‘ರಾದೆತ್ಸ್ಕಿ’ ಎಂಬ ಆಸ್ಟ್ರಿಯಾ-ಹಂಗೇರಿಯ ಹಡಗನ್ನೇರಿ, ನಡುದಾರಿಯಲ್ಲಿ ಅದನ್ನು ವಶಪಡಿಸಿಕೊಂಡು, ದಾನ್ಯೂಬ್ ದಾಟಿ ಕೊಜ್ಲೊದುಯ್ ದಡದಲ್ಲಿ ಇಳಿದರು. ಕೆಲವೇ ದಿನಗಳಲ್ಲಿ ವ್ರಾತ್ಸಾ ಬೆಟ್ಟಗಳಲ್ಲಿ ಗುಂಡಿಗೆ ಬಲಿಯಾದರು. ಆಗ ವಯಸ್ಸು 28. ಪ್ರತಿ ಜೂನ್ 2ರ ನಡುಹಗಲು 12ಕ್ಕೆ ಬಲ್ಗೇರಿಯಾದಾದ್ಯಂತ ಸೈರನ್ ಕೂಗುತ್ತದೆ. ಜನ ನಿಂತಲ್ಲೇ ನಿಂತು ಅವರಿಗೂ ನಾಡಿಗಾಗಿ ಮಡಿದ ಇತರರಿಗೂ ಗೌರವ ಸಲ್ಲಿಸುತ್ತಾರೆ. ಸಾವನ್ನು ಎದುರುಗೊಳ್ಳುವ ಧೈರ್ಯ, ದೊರೆಗಳ ಮೇಲಿನ ಸಿಟ್ಟು, ಬೆಟ್ಟ, ಬಿರುಗಾಳಿ ಎಲ್ಲವೂ ಆ ಪದ್ಯಗಳಲ್ಲಿ ಮೊದಲೇ ಇದ್ದವು. ಹೆವಿ ಮೆಟಲ್ ಹುಡುಕುತ್ತಿದ್ದ ವಸ್ತುವೂ ಅದೇ.

ವಾಜೊವ್ ಅವರ ‘ಶಿಪ್ಕಾದ ಸ್ವಯಂಸೇವಕರು’ ಎಂಬ ಕವಿತೆಯನ್ನು ಎಪಿಜೋದ್ ಹಾಡಿದ ಬಗೆಯೂ ಜನಪ್ರಿಯ. 1877ರ ಆಗಸ್ಟ್‌ನಲ್ಲಿ, ರಷ್ಯಾ-ತುರ್ಕಿ ಯುದ್ಧದ ನಡುವೆ, ಬಾಲ್ಕನ್ ಪರ್ವತದ ಶಿಪ್ಕಾ ಕಣಿವೆಯನ್ನು ರಷ್ಯನ್ ಸೈನಿಕರೂ ಬಲ್ಗೇರಿಯನ್ ಸ್ವಯಂಸೇವಕರೂ ಸುಲೇಮಾನ್ ಪಾಷಾನ ದೊಡ್ಡ ಸೈನ್ಯದ ಎದುರು ಕಾದರು. ಗುಂಡು ಮುಗಿದಾಗ ಕಲ್ಲು, ಮರದ ದಿಮ್ಮಿಗಳನ್ನೂ, ಕೊನೆಗೆ ಸತ್ತ ಸಂಗಾತಿಗಳ ದೇಹಗಳನ್ನೂ ಕೆಳಗೆ ಉರುಳಿಸಿದರೆಂದು ವಾಜೊವ್ ಬರೆದರು. ಆ ದೀರ್ಘ ಕಥನಕವನ ತಾನಾಗಿಯೇ ಏರುತ್ತ ಹೋಗುತ್ತದೆ: ಕಾಯುವಿಕೆ, ದಾಳಿ, ಹತಾಶೆ, ಕಡೆಗೆ ನೆರವಿಗೆ ಬರುವ ಪಡೆ. ಡ್ರಮ್ಮಿನ ಓಟಕ್ಕೆ, ಗಿಟಾರಿನ ಏರಿಕೆಗೆ ಕವಿ ಒಂದು ಶತಮಾನ ಮೊದಲೇ ಜಾಗ ಬಿಟ್ಟಿದ್ದರೋ ಎನ್ನುವ ಹಾಗಿದೆ. ಶಾಲೆಯಲ್ಲಿ ಅಂಕಕ್ಕಾಗಿ ಉರುಹೊಡೆದ ಸಾಲುಗಳನ್ನು ಸಾವಿರಾರು ಜನ ಎದೆತುಂಬಿ ಹಾಡುವುದೆಂದರೆ, ಕವಿತೆಯೊಂದು ಪುಸ್ತಕದಿಂದ ಎದ್ದು ಮತ್ತೆ ಜನರ ನಡುವೆ ಬಂದಂತೆ. ನಮ್ಮಲ್ಲಿ ಕುವೆಂಪು, ಬೇಂದ್ರೆಯವರ ಕವನಗಳು ಸುಗಮ ಸಂಗೀತದ ಮೂಲಕ ಓದು ಬಾರದವರ ನಾಲಿಗೆಗೂ ಇಳಿದದ್ದನ್ನು ಬಲ್ಲ ಕನ್ನಡಿಗರಿಗೆ ಇದು ಹೊಸದೆನಿಸದು.

2004ರಲ್ಲಿ ಬಂದ ಆಲ್ಬಮ್ ಸಂತ ಪಾತ್ರಿಯಾರ್ಕ್ ಎವ್ತಿಮಿಯವರ ಹೆಸರನ್ನೇ ಹೊತ್ತಿತ್ತು. 1393ರಲ್ಲಿ ಆಗಿನ ರಾಜಧಾನಿ ತರ್ನೊವೊ ಆಟಮನ್ನರ ಕೈಸೇರಿದಾಗ ಅಲ್ಲಿದ್ದ ಕೊನೆಯ ಧರ್ಮಗುರು ಅವರು. ಭಾಷೆ, ಬರವಣಿಗೆಗಳನ್ನು ತಿದ್ದಿ ತೀಡಿದ ವಿದ್ವಾಂಸರೂ ಹೌದು. ಹಿಂದೆ ಹೆವಿ ಮೆಟಲ್ಲನ್ನು ಪಶ್ಚಿಮದ ಕೆಟ್ಟ ಗಾಳಿ ಎಂದಿದ್ದವರು ಈಗ ಅದರಲ್ಲೇ ನಾಡಿನ ಚರಿತ್ರೆಯನ್ನು ಕೇಳಬೇಕಾಯಿತು.

ಈ ದಾರಿಯಲ್ಲಿ ಅಪಾಯವಿಲ್ಲದಿಲ್ಲ. ಆಟಮನ್ನರ ವಿರುದ್ಧದ ಹೋರಾಟದ ಹಾಡು, ಹೆಸರು ಕಳೆದುಕೊಂಡ ತುರ್ಕಿ ಬಲ್ಗೇರಿಯನ್ನರ ಮಕ್ಕಳ ಕಿವಿಗೆ ಬೇರೆಯಾಗಿ ಕೇಳಿಸಬಹುದು. ಆ ಬಲವಂತದ ಹೆಸರು ಬದಲಾವಣೆಯನ್ನು ಬಲ್ಗೇರಿಯಾದ ಸಂಸತ್ತು ಖಂಡಿಸಿದ್ದು 2012ರಲ್ಲಿ. ಸಾಮ್ರಾಜ್ಯವನ್ನು ಎದುರಿಸಿದ ಕವಿತೆಯನ್ನು ನೆರೆಮನೆಯವನ ವಿರುದ್ಧ ತಿರುಗಿಸುವುದು ಆ ಕವಿತೆಗೇ ಮಾಡುವ ದ್ರೋಹ. ಬೊತೆವ್ ಅವರ ಸಿಟ್ಟು ಹರಿದದ್ದು ದಬ್ಬಾಳಿಕೆಯ ಮೇಲೆ, ಸ್ವಂತ ನಾಡಿನ ಉಳ್ಳವರ ಮೇಲೂ. ಹಾಡುವವರೂ ಕೇಳುವವರೂ ಅದನ್ನು ನೆನಪಿಡಬೇಕು.

ಮೇಯರ್ ಕರೆದ ಊರು, ಮಳೆಯ ಸೋಫಿಯಾ

ಹೊಸ ಶತಮಾನದಲ್ಲಿ ಬಲ್ಗೇರಿಯಾದ ಆಡಳಿತವೇ ಗಟ್ಟಿ ಸಂಗೀತವನ್ನು ಕೈಬೀಸಿ ಕರೆಯಿತು. ಕಪ್ಪು ಸಮುದ್ರದ ದಂಡೆಯ ಕವಾರ್ನ ಸಣ್ಣ ಊರು. 2003ರಲ್ಲಿ ಅಲ್ಲಿ ಮೇಯರ್ ಆದ ತ್ಸೋಂಕೊ ತ್ಸೋನೆವ್ ಮೆಟಲ್ ಅಭಿಮಾನಿ. ಪ್ರವಾಸಿಗರನ್ನು ಸೆಳೆಯಲು ಅವರು ಹುಡುಕಿದ ದಾರಿ ರಾಕ್ ಉತ್ಸವ. ಅಮೆರಿಕದ ಮನೋವಾರ್ ತಂಡ 2008ರ ಬೇಸಿಗೆಯಲ್ಲಿ ಅಲ್ಲಿ ಐದು ಗಂಟೆಗೂ ಮೀರಿ ನುಡಿಸಿ ದಾಖಲೆಯೆಂದು ಸಾರಿಕೊಂಡಿತು. ವಸತಿ ಕಟ್ಟಡಗಳ ಬೂದು ಗೋಡೆಗಳ ಮೇಲೆ ರಾಕ್ ಗಾಯಕರ ಆಳೆತ್ತರ ಮೀರಿದ ಚಿತ್ರಗಳು ಮೂಡಿದವು. ಅಮೆರಿಕದ ಮೆಟಲ್ ಗಾಯಕ ರೋನಿ ಜೇಮ್ಸ್ ಡಿಯೊ 2010ರ ಮೇ ತಿಂಗಳಲ್ಲಿ ತೀರಿಕೊಂಡಾಗ, ಅದೇ ವರ್ಷ ಈ ಊರು ಅವರ ಪ್ರತಿಮೆ ನಿಲ್ಲಿಸಿತು. ಹುಡುಗರ ಕೂದಲಿಗೆ ಕತ್ತರಿ ಹಾಕಿದ್ದ ದೇಶದಲ್ಲಿ ಉದ್ದ ಕೂದಲಿನ ಗಾಯಕನಿಗೆ ಪುರಸಭೆಯ ಗೌರವ!

2010ರ ಜೂನ್ 22ರಂದು ಸೋಫಿಯಾದ ವಸಿಲ್ ಲೆವ್ಸ್ಕಿ ಕ್ರೀಡಾಂಗಣದಲ್ಲಿ ಮೆಟಾಲಿಕಾ, ಸ್ಲೇಯರ್, ಮೆಗಾಡೆತ್, ಆಂಥ್ರಾಕ್ಸ್ ತಂಡಗಳು ಒಂದೇ ದಿನ ನುಡಿಸಿದವು. ಅವುಗಳನ್ನು ಥ್ರ್ಯಾಶ್ ಮೆಟಲ್‌ನ ನಾಲ್ಕು ದೊಡ್ಡವರು ಎನ್ನುತ್ತಾರೆ. ಮಳೆ ಸುರಿಯುತ್ತಿದ್ದ ಆ ಸಂಜೆಯ ಕಾರ್ಯಕ್ರಮ ಹಲವು ದೇಶಗಳ ಚಿತ್ರಮಂದಿರಗಳಿಗೆ ಉಪಗ್ರಹದ ಮೂಲಕ ತಲುಪಿತು, ಆಮೇಲೆ ಡಿ.ವಿ.ಡಿ.ಯಾಗಿ ಜಗತ್ತನ್ನೆಲ್ಲ ಸುತ್ತಿತು. ಕ್ರೀಡಾಂಗಣಕ್ಕೆ ಯಾರ ಹೆಸರಿದೆಯೋ ಆ ಲೆವ್ಸ್ಕಿ, 1873ರಲ್ಲಿ ಸೋಫಿಯಾದಲ್ಲೇ ಗಲ್ಲಿಗೇರಿದ ಕ್ರಾಂತಿಕಾರಿ. ಬೊತೆವ್ ಅವರ ಪ್ರಸಿದ್ಧ ಶೋಕಗೀತೆ ಅವರ ಮೇಲಿನದೇ.

ಕವಾರ್ನದ ವೈಭವ ಬಹಳ ಕಾಲ ನಿಲ್ಲಲಿಲ್ಲ. 2015ರಲ್ಲಿ ತ್ಸೋನೆವ್ ಅವರ ಅಧಿಕಾರ ಮುಗಿಯಿತು. ದೊಡ್ಡ ರಾಕ್ ಉತ್ಸವಗಳು ಪ್ಲೊವ್ದಿವ್‌ನಂಥ ನಗರಗಳತ್ತ ಸರಿದವು. ಮಾರಿಚ್ಕೊವ್ 2024ರಲ್ಲಿ ತೀರಿಕೊಂಡರು. ಅವರೊಂದಿಗೆ ಬಲ್ಗೇರಿಯಾದ ರಾಕ್ ಸಂಗೀತದ ಮೊದಲ ಪೀಳಿಗೆಯ ದೊಡ್ಡ ದನಿಯೊಂದು ನಿಂತಿತು.

ಸರ್ಕಾರದ ನಿಷೇಧ ಬಂತು, ಹೋಯಿತು. ಮಾರುಕಟ್ಟೆಯ ಉದಾಸೀನ ಬಂತು, ಮೇಯರ್‌ನ ಆಶ್ರಯವೂ ಬಂತು, ಹೋಯಿತು. ಎಪಿಜೋದ್ ಈ ಎಲ್ಲವನ್ನೂ ಕಂಡು ಬಾಳಿದೆ. ಹೊರಗಿನಿಂದ ಬಂದ ಸಂಗೀತಕ್ಕೆ ತನ್ನ ಭಾಷೆಯ ಅತ್ಯುತ್ತಮ ಮಾತುಗಳನ್ನು ಕೊಟ್ಟದ್ದೇ ಅದರ ದೊಡ್ಡ ಕೆಲಸ. ಅನುಕರಣೆಯಿಂದ ಆರಂಭವಾದ ಯಾವ ಕಲೆಯಾದರೂ ಒಂದು ನೆಲದಲ್ಲಿ ಬೇರೂರುವುದು ಆ ನೆಲದ ಕವಿಗಳ ಕೈಹಿಡಿದಾಗಲೇ ಎಂಬುದಕ್ಕೆ ಈ ಬ್ಯಾಂಡಿನ ದೀರ್ಘ ಬಾಳು ಗಟ್ಟಿ ಸಾಕ್ಷಿ.